ಅತಿವಾಹನ: ಓಡಿ ಬಂದ ದೇಹಕ್ಕೆ ಸಲ್ಲಬೇಕಾದ ವಿಶ್ರಾಂತಿ

ಬಲಿಪಾಡ್ಯಮಿ ಕಳೆಯಿತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೋರಿ ಹಬ್ಬದ ಋತು ಮೊದಲಾಗುತ್ತದೆ. ಕೊರಳಿಗೆ ಕೊಬ್ಬರಿಯ ಹಾರ, ಕೊಂಬಿಗೆ ಬಣ್ಣದ ಬಲೂನು, ಬೆನ್ನಿಗೆ ಜೂಲು ತೊಡಿಸಿದ ಹೋರಿಯನ್ನು ಇಕ್ಕೆಲಗಳಲ್ಲಿ ಕಿಕ್ಕಿರಿದ ಜನರ ನಡುವಣ ಅಖಾಡದಲ್ಲಿ ಬಿಡುತ್ತಾರೆ. ಕೊಬ್ಬರಿ ಹರಿಯಲು ಯುವಕರು ಅದರ ಮೇಲೆ ಮುಗಿಬೀಳುತ್ತಾರೆ. ಯಾರ ಕೈಗೂ ಸಿಕ್ಕದೆ ಪಾರಾದ ಹೋರಿ ಗೆದ್ದಂತೆ. ಹಿರೇಕೆರೂರು, ಹಾನಗಲ್ಲು, ಹಾವೇರಿಯ ಕಡೆಯಲ್ಲಿಯೂ ಇದೇ ಪದ್ಧತಿ. ಒಂದೂರಿನ ಹಬ್ಬ ಮುಗಿಯುವಷ್ಟರಲ್ಲಿ ಮತ್ತೊಂದೂರಿನ ಹಬ್ಬ. ಹೀಗೆ ವಾರಗಳು, ತಿಂಗಳುಗಳು ಉರುಳುತ್ತವೆ. ಹೆಸರು ಪಡೆದ ಹೋರಿಯನ್ನು ವಾಹನದಲ್ಲಿ ಹೇರಿಕೊಂಡು ಊರಿಂದೂರಿಗೆ ಒಯ್ಯುತ್ತಾರೆ. ಅದಕ್ಕೊಂದು ಬಿರುದು, ಬೆನ್ನ ಹಿಂದೆ ಒಂದು ಅಭಿಮಾನಿ ಬಳಗ.

ಈ ಹೋರಿಗಳಿಗೆ ಋತುವಿಗೆ ಮುನ್ನ ಸಲ್ಲುವ ಆರೈಕೆಯನ್ನು ಕಂಡವರು ಬೆರಗಾಗುತ್ತಾರೆ. ನೆನೆಸಿದ ಹುರುಳಿ, ಹತ್ತಿಕಾಳು, ಹಿಂಡಿ, ಮುಂಜಾವಿನ ನಡಿಗೆ, ಕೆರೆಯಲ್ಲಿ ಈಜು, ಮೈ ತಿಕ್ಕುವುದು, ಗೊರಸು ನೋಡುವುದು. ಮನೆಯ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಾರೆಂಬ ಮಾತು ಆ ಕಡೆ ಬಳಕೆಯಲ್ಲಿದೆ. ಅದರಲ್ಲಿ ಉತ್ಪ್ರೇಕ್ಷೆ ಹೆಚ್ಚೇನೂ ಇಲ್ಲ. ಹೆಸರುವಾಸಿ ಹೋರಿ ಸತ್ತಾಗ ಊರು ಮೆರವಣಿಗೆ ಮಾಡಿ ಮಣ್ಣು ಮಾಡುವುದೂ ಉಂಟು. ಆದರೆ ಪ್ರಶ್ನೆ ಇರುವುದು ಈ ಎರಡರ ನಡುವಣ ಕಾಲದಲ್ಲಿ. ಓಟಕ್ಕೆ ಮುನ್ನ ಸಲ್ಲುವ ಆರೈಕೆಯನ್ನು ಎಲ್ಲರೂ ಬಲ್ಲರು. ಓಟದ ಋತು ಮುಗಿದ ಮೇಲೆ ದಣಿದ ದೇಹಕ್ಕೆ ಏನು ಸಲ್ಲಬೇಕು, ಅದನ್ನು ಸಲ್ಲಿಸುವುದು ದಯೆಯೋ, ಋಣವೋ, ಅಥವಾ ಮುಂದಿನ ಗೆಲುವಿಗೆ ಹೂಡುವ ಬಂಡವಾಳವೋ?

ಈ ಪ್ರಶ್ನೆ ಹೋರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇದೇ ತಾಲ್ಲೂಕುಗಳ ಮನೆಗಳಿಂದ ಹೊರಟು ಬೆಂಗಳೂರಿನಲ್ಲಿ ನೆಲೆಸಿದ ಯುವಜನರಲ್ಲಿ, ಶ್ರಾವಕ ಕುಟುಂಬಗಳ ಮಕ್ಕಳೂ ಸೇರಿದಂತೆ, ಟ್ರಯಥ್ಲಾನ್ ಎಂಬ ದೀರ್ಘಸ್ಪರ್ಧೆಯ ಒಲವು ಬೆಳೆದಿದೆ. ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ಒಂದರ ಹಿಂದೊಂದು ಎಡೆಬಿಡದೆ ಮುಗಿಸಬೇಕು. ಒಲಿಂಪಿಕ್ ಕ್ರೀಡಾಕೂಟಕ್ಕೆ ಇದು 2000ದಲ್ಲಿ ಸಿಡ್ನಿಯಲ್ಲಿ ಸೇರಿತು. ಅಲ್ಲಿನ ದೂರ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಇದಕ್ಕಿಂತ ಎಷ್ಟೋ ಕಠಿಣವಾದದ್ದು 1978ರಲ್ಲಿ ಹವಾಯಿ ದ್ವೀಪದಲ್ಲಿ ಹುಟ್ಟಿದ ‘ಐರನ್‌ಮ್ಯಾನ್’. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ 42.2 ಕಿಲೋಮೀಟರಿನ ಪೂರ್ಣ ಮ್ಯಾರಥಾನ್. ಮೊದಲ ವರ್ಷ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಅದರ ಅರ್ಧದಷ್ಟು ದೂರದ ಸ್ಪರ್ಧೆ 2019ರ ಅಕ್ಟೋಬರಿನಲ್ಲಿ ಗೋವೆಗೂ ಬಂದಿತು. ಪೂರ್ಣ ದೂರವನ್ನು ಮುಗಿಸಲು ಸಾಮಾನ್ಯವಾಗಿ ಕೊಡುವ ಗಡುವು 17 ಗಂಟೆ.

ಇಲ್ಲಿ ಒಂದು ಹೋಲಿಕೆ ಗಮನಾರ್ಹ. ಭಾರ ಎಳೆಯುವ ಪಶುಗಳ ವಿಷಯದಲ್ಲಿ ಭಾರತ ಸರ್ಕಾರ 1965ರಲ್ಲಿ ಮಾಡಿದ ನಿಯಮದ ಪ್ರಕಾರ ಎತ್ತನ್ನು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ವಿಶ್ರಾಂತಿ ಕೊಡದೆ 5 ಗಂಟೆಗಿಂತ ಹೆಚ್ಚು ಹೂಡುವಂತಿಲ್ಲ. ಉಷ್ಣತೆ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತೆಯೇ ಇಲ್ಲ. ಎತ್ತಿಗೆ 9 ಗಂಟೆ, ಮನುಷ್ಯನಿಗೆ 17! ತನ್ನ ದೇಹವನ್ನು ತಾನೇ ಓಡಿಸುವವನಿಗೆ ಯಾವ ಕಾಯಿದೆಯೂ ಇಲ್ಲ. ಇರಬೇಕೆಂದೂ ಅಲ್ಲ. ಆದರೆ ಕಾಯಿದೆ ಇಲ್ಲದ ಕಡೆಯಲ್ಲಿಯೇ ವಿವೇಕದ ಕೆಲಸ ಹೆಚ್ಚು.

ಶ್ರಾವಕಾಚಾರದ ಗ್ರಂಥಗಳಲ್ಲಿ ಈ ವಿಷಯಕ್ಕೆ ನೇರವಾಗಿ ಸಲ್ಲುವ ಪದವೊಂದಿದೆ: ಅತಿವಾಹನ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದು ಬರುತ್ತದೆ. ಎತ್ತು ಮೊದಲಾದ ಪಶುಗಳು ಸುಖವಾಗಿ ನಡೆಯಬಲ್ಲಷ್ಟು ದಾರಿಯನ್ನು ಮೀರಿ ಲೋಭದಿಂದ ಅವನ್ನು ನಡೆಸುವುದೇ ಅತಿವಾಹನವೆಂದು ಟೀಕೆಯ ಅಭಿಪ್ರಾಯ. ಇದರಲ್ಲಿ ಮನನ ಮಾಡಬೇಕಾದ ಸಂಗತಿಗಳು ಎರಡು. ಮೊದಲನೆಯದು, ಇಲ್ಲಿ ಅಳತೆಗೋಲು ‘ನಡೆಯಬಲ್ಲಷ್ಟು’ ಅಲ್ಲ, ‘ಸುಖವಾಗಿ ನಡೆಯಬಲ್ಲಷ್ಟು’. ಹೊಡೆದರೆ, ಬೆದರಿಸಿದರೆ ಎತ್ತು ಇನ್ನೂ ಎರಡು ಹರದಾರಿ ನಡೆದೀತು; ಅದು ನಡೆಯಿತೆಂಬುದೇ ಅದಕ್ಕೆ ಶಕ್ತಿಯಿತ್ತೆಂಬುದಕ್ಕೆ ಪ್ರಮಾಣವಲ್ಲ. ಎರಡನೆಯದು ಇನ್ನೂ ಆಳವಾದದ್ದು. ಅತಿಭಾರವನ್ನು ಹೇರುವುದು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಸೇರಿರುವುದು ಸಹಜವೇ. ಆದರೆ ಅತಿವಾಹನವನ್ನು ಆಚಾರ್ಯರು ಎಣಿಸಿದ್ದು ಹಿಂಸೆಯ ಪಟ್ಟಿಯಲ್ಲಲ್ಲ, ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ! ಅತಿಯಾಗಿ ಓಡಿಸುವವನ ದೋಷದ ಬೇರು ಕ್ರೌರ್ಯದಲ್ಲಿಲ್ಲ, ‘ನನ್ನದು’ ಎಂಬ ಭಾವದಲ್ಲಿದೆ ಎಂಬುದು ಇದರಿಂದ ತಿಳಿಯುತ್ತದೆ. ಹೋರಿಯ ಒಡೆಯ ಕ್ರೂರಿಯಲ್ಲ. ಅವನು ಅದನ್ನು ಪ್ರೀತಿಸುತ್ತಾನೆ. ಆದರೆ ಅದರ ಗೆಲುವು ತನ್ನ ಗೆಲುವು, ಅದರ ಹೆಸರು ತನ್ನ ಹೆಸರು ಎಂದು ಭಾವಿಸುತ್ತಾನೆ. ಪ್ರೀತಿಯೂ ಅತಿವಾಹನವೂ ಒಂದೇ ಕೊಟ್ಟಿಗೆಯಲ್ಲಿ ಇರಬಲ್ಲವು.

1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಲ್ಲಿಯೂ ಪಶುವನ್ನು ಅತಿಯಾಗಿ ಓಡಿಸುವುದು, ಅತಿಯಾಗಿ ಹೇರುವುದು ಅಪರಾಧವೆಂದು ಹೇಳಿದೆ. ಆಚಾರ್ಯರು ಅನೇಕ ಶತಮಾನಗಳ ಹಿಂದೆ ಹೆಸರಿಸಿದ ದೋಷವನ್ನು ಶಾಸನ ಸಭೆ ತಡವಾಗಿಯಾದರೂ ಗುರುತಿಸಿತು. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕವು ತಿದ್ದುಪಡಿ ತಂದು ಕಂಬಳ ಹಾಗೂ ಹೋರಿ, ಎತ್ತಿನಗಾಡಿ ಓಟಗಳಿಗೆ ಅವಕಾಶ ಕಲ್ಪಿಸಿತು. 2023ರ ಮೇ 18ರಂದು ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ ಇದನ್ನೂ ಎತ್ತಿಹಿಡಿಯಿತು. ಈ ವ್ಯಾಜ್ಯದ ಉದ್ದಕ್ಕೂ ಕೇಳಲಾದ ಮುಖ್ಯ ಪ್ರಶ್ನೆ ಓಡಿಸಬಹುದೇ, ಕೂಡದೇ ಎಂಬುದು. ಓಡಿಸಿದ ಮೇಲೆ ಏನೆಂಬುದು ಯಾರ ವಾದದಲ್ಲಿಯೂ ಮುನ್ನೆಲೆಗೆ ಬರಲಿಲ್ಲ. 2022ರ ದೀಪಾವಳಿಯ ಋತುವಿನಲ್ಲಿ ಶಿವಮೊಗ್ಗ ಜಿಲ್ಲೆಯ ಅಖಾಡಗಳಲ್ಲಿ ಮನುಷ್ಯರೇ ಪ್ರಾಣ ಕಳೆದುಕೊಂಡರು. ಅಹಿಂಸೆಯನ್ನು ನಂಬಿದವರಿಗೆ ಈ ಸ್ಪರ್ಧೆಯನ್ನು ಸಮರ್ಥಿಸುವುದು ಕಷ್ಟ. ಬೆದರಿಸಿ ಓಡಿಸುವ ಓಟಕ್ಕೆ ‘ಬೆದರಿಸುವ ಸ್ಪರ್ಧೆ’ ಎಂದೇ ಹೆಸರಿರುವಾಗ ಬೇರೆ ಸಾಕ್ಷಿ ಬೇಕಾಗಿಲ್ಲ. ಆದರೂ ಸ್ಪರ್ಧೆ ನಡೆಯುತ್ತಿದೆ. ನಡೆಯುವಷ್ಟು ಕಾಲ ಓಡಿದ ಪಶುವಿನ ಹಕ್ಕು ಉಳಿದೇ ಇರುತ್ತದೆ.

ಹಳೆಯ ಒಕ್ಕಲುತನಕ್ಕೆ ಈ ಹಕ್ಕಿನ ಅರಿವಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗವಿಡಬಾರದೆಂಬ ಕಟ್ಟು ಕನ್ನಡ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಇತ್ತು, ಕೆಲವೆಡೆ ಈಗಲೂ ಇದೆ. ಅದು ಬಸವನ ವಾರವೆಂಬ ಭಕ್ತಿಯಿಂದ ಬಂದ ನಿಯಮ. ಬಿತ್ತನೆಗೆ ಹದವಾದ ಮಳೆ ಸೋಮವಾರವೇ ಬಂದರೂ ಎತ್ತು ಕೊಟ್ಟಿಗೆಯಲ್ಲಿರುತ್ತಿತ್ತು. ಇದರ ವಿಶೇಷವೆಂದರೆ ಆ ವಿಶ್ರಾಂತಿಯನ್ನು ಎತ್ತು ಗಳಿಸಬೇಕಾಗಿರಲಿಲ್ಲ. ಹಿಂದಿನ ವಾರ ಚೆನ್ನಾಗಿ ದುಡಿದಿತ್ತೇ ಎಂದು ಯಾರೂ ಕೇಳುತ್ತಿರಲಿಲ್ಲ, ಮುಂದಿನ ವಾರ ಹೆಚ್ಚು ದುಡಿಯಲಿ ಎಂಬ ಲೆಕ್ಕವೂ ಇರಲಿಲ್ಲ. ವಾರ ಬಂದಿತು, ನೊಗ ಇಳಿಯಿತು, ಅಷ್ಟೆ.

ಇಂದಿನ ಕ್ರೀಡಾವೈದ್ಯ ಶಾಸ್ತ್ರವು ದೀರ್ಘ ಸ್ಪರ್ಧೆಯ ದಣಿವಿನ ಬಗೆಗೆ ಹೇಳುವುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸ್ಪರ್ಧೆ ಮುಗಿದ ಮೇಲೆ ದೇಹದ ಎಲ್ಲ ಖಾತೆಗಳೂ ಒಂದೇ ದಿನ ತೀರುವುದಿಲ್ಲ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಸರಿಯಾಗಿ ಉಂಡರೆ ಒಂದೆರಡು ದಿನದಲ್ಲಿ ತುಂಬುತ್ತದೆ. ಸ್ನಾಯುತಂತುಗಳಲ್ಲಿ ಆದ ಸೂಕ್ಷ್ಮ ಗಾಯಗಳು ಮಾಯಲು ವಾರಗಳು ಬೇಕು. ರಕ್ತಸಂಚಾರ ಕಡಿಮೆಯಿರುವ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಹಿಡಿಯಬಹುದು. ಹಲವು ಗಂಟೆಗಳ ಸ್ಪರ್ಧೆಯ ತರುವಾಯ ಹೃದಯದ ಬಲಗಡೆಯ ಕೋಣೆ ತಾತ್ಕಾಲಿಕವಾಗಿ ದುರ್ಬಲವಾಗುವುದನ್ನೂ, ಬಹುಮಂದಿಯಲ್ಲಿ ಅದು ಸುಮಾರು ಒಂದು ವಾರದಲ್ಲಿ ಚೇತರಿಸುವುದನ್ನೂ ವೈದ್ಯರು ಕಂಡುಕೊಂಡಿದ್ದಾರೆ. ನೋವು ನಿಂತಿತೆಂದು ಮರುವಾರವೇ ಓಡಲು ಹೊರಡುವವನು ಮೊದಲನೆಯ ಖಾತೆ ತೀರಿದ್ದನ್ನು ಕಂಡು ಸಾಲವೆಲ್ಲಾ ತೀರಿತೆಂದು ಭಾವಿಸಿದವನಂತೆ.

ಋತುವೆಲ್ಲಾ ಸಾಲ ತೀರಿಸದೆ ಓಡಿದವನಿಗೆ ಬರುವ ಸ್ಥಿತಿಯನ್ನು ಅತಿತರಬೇತಿಯ ರೋಗಲಕ್ಷಣ ಸಮೂಹವೆಂದು ಕರೆಯುತ್ತಾರೆ. ಹೆಚ್ಚು ಶ್ರಮಿಸಿದಷ್ಟೂ ವೇಗ ಕುಂದುತ್ತದೆ; ನಿದ್ರೆ ಕೆಡುತ್ತದೆ; ಹಸಿವು ಇಂಗುತ್ತದೆ; ಮನಸ್ಸು ಸಿಡುಕಾಗುತ್ತದೆ. ಕೆಲವರಲ್ಲಿ ಬೆಳಗಿನ ನಾಡಿಬಡಿತ ಏರಿರುತ್ತದೆ. ಯೂರೋಪು ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳೆರಡು 2013ರಲ್ಲಿ ಕೂಡಿ ಹೊರಡಿಸಿದ ಅಭಿಮತದ ಪ್ರಕಾರ ಇದನ್ನು ಖಚಿತವಾಗಿ ತೋರಿಸಬಲ್ಲ ಏಕೈಕ ಪರೀಕ್ಷೆಯಿಲ್ಲ, ಇದರಿಂದ ಹೊರಬರಲು ಅನೇಕ ತಿಂಗಳು ಬೇಕಾಗಬಹುದು. ಔಷಧವೂ ಇಲ್ಲ, ವಿಶ್ರಾಂತಿಯೇ ಔಷಧ. ಆದ್ದರಿಂದಲೇ ಅನುಭವಿ ತರಬೇತಿಗಾರರು ಋತು ಮುಗಿದೊಡನೆ ಎರಡರಿಂದ ನಾಲ್ಕು ವಾರ ನಿಯಮಿತ ತರಬೇತಿಯನ್ನು ಪೂರ್ಣವಾಗಿ ನಿಲ್ಲಿಸಿ, ಆಮೇಲೆ ಗಡಿಯಾರ ನೋಡದ ನಡಿಗೆ, ತೋಟದ ಕೆಲಸ, ಹಗುರ ಈಜುಗಳಿಂದ ಮೆಲ್ಲನೆ ಮೊದಲು ಮಾಡಿಸುತ್ತಾರೆ. ಆ ವಾರಗಳಲ್ಲಿ ಗಳಿಸಿದ ಸಾಮರ್ಥ್ಯ ಸ್ವಲ್ಪ ಇಳಿಯುವುದು ನಿಜ. ಮೊದಲ ಇಳಿಕೆ ಬಹುಮಟ್ಟಿಗೆ ರಕ್ತದ ದ್ರವಾಂಶ ಕಡಿಮೆಯಾಗುವುದರಿಂದ ಆದದ್ದು, ಮತ್ತೆ ತೊಡಗಿದರೆ ಬೇಗನೆ ತುಂಬಿಕೊಳ್ಳುತ್ತದೆ.

ದಣಿವಿನ ಈ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಹಾನ್ಸ್ ಸೆಲ್ಯೆ ಪ್ರಮುಖರು. ಕೆನಡಾದ ಮಾಂಟ್ರಿಯಲ್ ನಗರದಲ್ಲಿದ್ದ ಅವರು 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಬರಹದಲ್ಲಿ, ಯಾವುದೇ ಬಗೆಯ ತೀವ್ರ ಪೀಡೆಗೆ ದೇಹವು ಮೊದಲು ಬೆಚ್ಚುತ್ತದೆ, ಆಮೇಲೆ ಎದುರು ನಿಲ್ಲುತ್ತದೆ, ಪೀಡೆ ಮುಂದುವರಿದರೆ ಸೋಲುತ್ತದೆ ಎಂದು ತೋರಿಸಿದರು. ಎದುರು ನಿಲ್ಲುವ ನಡುವಣ ಘಟ್ಟವೇ ಮೋಸಗೊಳಿಸುವಂಥದು. ಹೊರಗಿನಿಂದ ಎಲ್ಲವೂ ನೆಟ್ಟಗಿರುವಂತೆ ಕಾಣುತ್ತದೆ. ಈ ಜ್ಞಾನಕ್ಕೆ ಬೆಲೆ ತೆತ್ತವು ಇಲಿಗಳು. ಅವನ್ನು ಚಳಿಗೆ ಒಡ್ಡಿ, ಗಾಯಗೊಳಿಸಿ, ಮಿತಿಮೀರಿ ಓಡಿಸಿ ಪಡೆದ ತಿಳಿವಳಿಕೆ ಇದು. ಅತಿವಾಹನದ ಕೇಡನ್ನು ತಿಳಿಯಲು ಅತಿವಾಹನವನ್ನೇ ಮಾಡಬೇಕಾಯಿತೆಂಬುದು ವಿಷಾದದ ಸಂಗತಿ. ಆ ತಿಳಿವಳಿಕೆ ಕೈಯಲ್ಲಿದ್ದೂ ಅದರಂತೆ ನಡೆಯದಿದ್ದರೆ ಆ ಪ್ರಾಣಿಗಳ ನೋವು ಎರಡು ಪಟ್ಟು ವ್ಯರ್ಥ.

ವ್ಯಾಪಾರಸ್ಥರಿಗೆ ಇದೆಲ್ಲ ಹೊಸದಾಗಿ ಕಾಣಬೇಕಾಗಿಲ್ಲ. ಯಂತ್ರದ ಸವಕಳಿಯನ್ನು ಕಳೆಯದೆ ಲಾಭಾಂಶ ಹಂಚುವುದಕ್ಕೆ ಕಂಪನಿ ಕಾಯಿದೆ ಒಪ್ಪುವುದಿಲ್ಲ. ಸವಕಳಿಯನ್ನು ಮರೆತು ತೋರಿಸಿದ ಲಾಭ ವಾಸ್ತವವಾಗಿ ಬಂಡವಾಳವನ್ನೇ ತಿಂದದ್ದು. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ದಾಸ್ತಾನು ಎಣಿಸುವ ದಿನ ಒಂದು ರೂಪಾಯಿಯ ವ್ಯಾಪಾರವೂ ಇಲ್ಲ, ಆದರೂ ಅದನ್ನು ಯಾರೂ ನಷ್ಟದ ದಿನವೆನ್ನುವುದಿಲ್ಲ. ಋತುವಿನ ಕೊನೆಯ ವಿಶ್ರಾಂತಿಯೂ ಹಾಗೆಯೇ ಎಂದು ಹೇಳಿಬಿಡಬಹುದು. ಅನೇಕ ತರಬೇತಿಗಾರರು ಹೇಳುವುದೂ ಇದನ್ನೇ. ಇಂದು ನಿಲ್ಲು, ಮುಂದಿನ ವರ್ಷ ಇನ್ನೂ ವೇಗವಾಗಿ ಓಡುವೆ!

ಆದರೆ ಈ ಉಪಮೆಯನ್ನು ಪೂರ್ತಿ ಒಪ್ಪುವ ಮೊದಲು ಒಂದು ಕ್ಷಣ ತಡೆಯಬೇಕು. ಸವಕಳಿ ಕಳೆಯುವುದು ಯಂತ್ರದ ಮೇಲಿನ ಗೌರವದಿಂದಲ್ಲ, ಅದರಿಂದ ಇನ್ನಷ್ಟು ಉತ್ಪಾದನೆ ಪಡೆಯಬೇಕೆಂಬುದರಿಂದ. ಉತ್ಪಾದನೆ ಬೇಡವಾದ ದಿನ ಯಂತ್ರ ಗುಜರಿಗೆ ಹೋಗುತ್ತದೆ. ಗೆಲ್ಲಲೆಂದೇ ವಿಶ್ರಾಂತಿ ಕೊಟ್ಟ ಹೋರಿಗೆ, ಮುಂದೆ ಗೆಲ್ಲಲಾರದೆಂದು ತಿಳಿದ ದಿನ ಏನು ಕಾದಿದೆ? ಲೋಭದ ಲೆಕ್ಕದಲ್ಲಿ ಕೊಟ್ಟ ವಿಶ್ರಾಂತಿ ಅದೇ ಲೆಕ್ಕದಲ್ಲಿ ಹಿಂದಕ್ಕೂ ಹೋಗುತ್ತದೆ. ಅತಿವಾಹನವನ್ನು ಪರಿಗ್ರಹದ ಪಟ್ಟಿಯಲ್ಲಿ ಸೇರಿಸಿದ ಆಚಾರ್ಯರ ದೃಷ್ಟಿಯ ಸೂಕ್ಷ್ಮತೆ ಇಲ್ಲಿ ಅರಿವಾಗುತ್ತದೆ. ಓಡಿಸುವುದಷ್ಟೇ ಅಲ್ಲ, ನಿಲ್ಲಿಸುವುದೂ ಪರಿಗ್ರಹದಿಂದಲೇ ಆಗಬಹುದು.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಏಳುತ್ತದೆ. ದೇಹವನ್ನು ದಂಡಿಸುವುದನ್ನು ಜಿನಧರ್ಮದಷ್ಟು ಗೌರವಿಸಿದ ಪರಂಪರೆ ಮತ್ತೊಂದಿಲ್ಲ. ವರ್ಷವೊಂದು ಬಳ್ಳಿ ಹಬ್ಬುವಂತೆ ನಿಂತ ಬಾಹುಬಲಿಯನ್ನು ಪೂಜಿಸುವವರು, ಆಹಾರವಿಲ್ಲದೆ ತಿಂಗಳುಗಟ್ಟಲೆ ನಡೆದ ಆದಿನಾಥನನ್ನು ಸ್ಮರಿಸುವವರು, 17 ಗಂಟೆ ಓಡುವ ಯುವಕನಿಗೆ ಸಾಕು ನಿಲ್ಲಿಸೆಂದು ಹೇಳುವುದು ಹೇಗೆ? ಪಶುವಿಗೆ ಒಪ್ಪಿಗೆಯಿಲ್ಲ, ಅದನ್ನು ಓಡಿಸುವುದು ತಪ್ಪು. ಯುವಕ ತಾನೇ ಒಪ್ಪಿ ಓಡುತ್ತಾನೆ, ಅವನ ದೇಹ ಅವನದು.

‘ಅವನ ದೇಹ ಅವನದು’ ಎಂಬ ಮಾತೇ ಮೊದಲು ಪರೀಕ್ಷೆಗೆ ಒಳಗಾಗಬೇಕಾದದ್ದು. ದೇಹ ಬೇರೆ, ಆತ್ಮ ಬೇರೆ ಎಂಬುದನ್ನು ಬಾಲ್ಯದಿಂದ ಕೇಳಿದವರಿಗೆ ದೇಹವೂ ಒಂದು ಪರವಸ್ತು. ಹಾಗಾದರೆ ಅದರ ಮೇಲಿನ ಒಡೆತನವೂ ಪರಿಮಾಣಕ್ಕೆ ಒಳಪಟ್ಟದ್ದೇ. ಮುನಿಗಳ ಆಹಾರಕ್ಕೆ ಶಾಸ್ತ್ರವು ಕೊಟ್ಟಿರುವ ಹೆಸರುಗಳಲ್ಲಿ ಅಕ್ಷಮ್ರಕ್ಷಣವೆಂಬುದೊಂದು. ರತ್ನಗಳನ್ನು ತುಂಬಿದ ಗಾಡಿಯನ್ನು ಊರು ಮುಟ್ಟಿಸಬೇಕಾದ ವರ್ತಕನು ಅಚ್ಚಿಗೆ ಎಣ್ಣೆ ಸವರುವಂತೆ ದೇಹಕ್ಕೆ ಅನ್ನ ಕೊಡಬೇಕೆಂಬುದು ಅದರ ಭಾವ. ಗಾಡಿಯನ್ನು ಪೂಜಿಸುವ ವರ್ತಕನಿಲ್ಲ. ಅಚ್ಚು ಮುರಿಯುವಂತೆ ಓಡಿಸಿ ಅದನ್ನೇ ಪೌರುಷವೆನ್ನುವ ವರ್ತಕನೂ ಇಲ್ಲ.

ತಪಸ್ಸಿನ ವಿಷಯದಲ್ಲಿಯೂ ಶಾಸ್ತ್ರದ ಎಚ್ಚರಿಕೆ ದೊಡ್ಡದು. ತೀರ್ಥಂಕರತ್ವಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಬರಿದೇ ತಪಸ್ಸೆಂದು ಹೇಳಿಲ್ಲ; ಶಕ್ತಿತಸ್ತಪ, ಎಂದರೆ ಶಕ್ತಿಗೆ ತಕ್ಕ ತಪಸ್ಸು ಎಂದಿದೆ. ತ್ಯಾಗಕ್ಕೂ ಅದೇ ವಿಶೇಷಣ. ಶಕ್ತಿಯನ್ನು ಅಡಗಿಸಿಡುವುದು ಎಷ್ಟು ತಪ್ಪೋ ಮೀರುವುದೂ ಅಷ್ಟೇ ತಪ್ಪು. ಇನ್ನು ಬಾಹುಬಲಿಯ ಕಥೆಯನ್ನು ಪೂರ್ತಿ ನೆನೆಯಬೇಕು. ವರ್ಷದ ಕಾಯೋತ್ಸರ್ಗವೂ ಅವನಿಗೆ ಕೇವಲಜ್ಞಾನವನ್ನು ತರಲಿಲ್ಲ. ಭರತನ ನೆಲದ ಮೇಲೆ ನಿಂತಿದ್ದೇನೆಂಬ ಒಂದು ಶಲ್ಯ ಮನಸ್ಸಿನಲ್ಲಿ ಉಳಿದಿತ್ತೆಂದು ಪರಂಪರೆ ಹೇಳುತ್ತದೆ. ಅದು ಕರಗಿದಾಗ ಜ್ಞಾನ ಉದಯಿಸಿತು. ಸಹಿಸುವ ಶಕ್ತಿಯೇ ಎಲ್ಲವೂ ಆಗಿದ್ದರೆ ಒಂದು ತಿಂಗಳಿಗೇ ಆಗಬೇಕಿತ್ತು.

ಆದಿನಾಥನ ಕಥೆಯ ಕೊನೆಯೂ ಅಷ್ಟೇ ಅರ್ಥಪೂರ್ಣ. ಆರು ತಿಂಗಳ ಉಪವಾಸ ಮುಗಿದ ಮೇಲೂ ಆಹಾರ ನೀಡುವ ವಿಧಿ ಜನಕ್ಕೆ ತಿಳಿಯದಿದ್ದುದರಿಂದ ಮತ್ತೆ ತಿಂಗಳುಗಟ್ಟಲೆ ಬರಿಗೈಯಲ್ಲಿ ನಡೆದು, ಹಸ್ತಿನಾಪುರದಲ್ಲಿ ಶ್ರೇಯಾಂಸ ಕುಮಾರನಿಂದ ಕಬ್ಬಿನ ರಸವನ್ನು ಸ್ವೀಕರಿಸಿದನು. ಆ ದಿನವೇ ಅಕ್ಷಯ ತದಿಗೆ. ಆ ದೀರ್ಘ ತಪಸ್ಸಿನ ತರುವಾಯ ಮೊದಲು ಸಂದದ್ದು ನೀರೂ ಸಿಹಿಯೂ ಕೂಡಿದ, ಜೀರ್ಣಕ್ಕೆ ಹಗುರವಾದ ರಸ. ತಪಸ್ಸಿನಷ್ಟೇ ಪಾರಣೆಯೂ ಪರಂಪರೆಯ ಸ್ಮರಣೆಯಲ್ಲಿ ಉಳಿಯಿತು, ಅದಕ್ಕೇ ಒಂದು ಹಬ್ಬವಾಯಿತು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡಿದವರಿಗೆ ಮರುದಿನವೇ ಹೋಳಿಗೆ ಬಡಿಸುವ ಅಜ್ಜಿ ಯಾವ ಶ್ರಾವಕರ ಮನೆಯಲ್ಲಿಯೂ ಇಲ್ಲ. ವ್ರತ ಹಿಡಿಯುವುದಕ್ಕೆ ಒಂದು ವಿಧಿಯಿರುವಂತೆ ಬಿಡುವುದಕ್ಕೂ ಒಂದು ವಿಧಿಯುಂಟೆಂದು ಆ ಅಜ್ಜಿ ಬಲ್ಲಳು. ಕ್ರೀಡಾಪಟುಗಳಿಗೆ ಈ ಪಾರಣೆಯ ಕಲ್ಪನೆ ದೊರೆತದ್ದು ಈಚೆಗೆ.

ಹಾಗಿದ್ದರೂ ವಿಶ್ರಾಂತಿ ಸುಲಭವೆಂದು ಯಾರೂ ತಿಳಿಯಬಾರದು. ಋತು ಮುಗಿದ ಕ್ರೀಡಾಪಟುಗಳು ಹೆಚ್ಚಾಗಿ ಹೇಳಿಕೊಳ್ಳುವುದು ಕಾಲುನೋವಿನ ಮಾತನ್ನಲ್ಲ, ಮನಸ್ಸಿನ ಬೇಗುದಿಯನ್ನು. ಬೆಳಗಿನ ನಾಲ್ಕಕ್ಕೆ ಎಚ್ಚರವಾಗುತ್ತದೆ, ಹೋಗಲು ಎಲ್ಲಿಯೂ ಇಲ್ಲ. ಬೇರೆಯವರು ಓಡುತ್ತಿರುವರೆಂದು ತಿಳಿದಾಗ ತಳಮಳ. ಗುರಿ ಮುಟ್ಟಿದ ಮರುವಾರದ ಶೂನ್ಯ. ಇದರ ಬಗೆಗೆ ತತ್ತ್ವಾರ್ಥ ಸೂತ್ರದ ಪರೀಷಹ ಪ್ರಕರಣದಲ್ಲಿ ಬೆಳಕು ದೊರೆಯುತ್ತದೆ. ಸಹಿಸಬೇಕಾದ ಪರೀಷಹಗಳು 22. ಅವುಗಳಲ್ಲಿ ಚರ್ಯಾ, ಎಂದರೆ ನಡೆಯುವ ಕಷ್ಟ, ಇರುವುದು ಸಹಜ. ಆದರೆ ಅದರ ಪಕ್ಕದಲ್ಲಿಯೇ ನಿಷದ್ಯಾ, ಶಯ್ಯಾ ಎಂಬ ಎರಡಿವೆ: ಕುಳಿತಿರುವ ಕಷ್ಟ, ಮಲಗುವ ಕಷ್ಟ! ನಡೆಯುವುದನ್ನು ಸಹಿಸಬೇಕಾದಂತೆ ಕುಳಿತಿರುವುದನ್ನೂ ಸಹಿಸಬೇಕಾಗುತ್ತದೆಂದು ಆಚಾರ್ಯ ಉಮಾಸ್ವಾಮಿಗಳು ಬಲ್ಲವರಾಗಿದ್ದರು. ಅರತಿ, ಎಂದರೆ ಯಾವುದರಲ್ಲಿಯೂ ಮನಸ್ಸು ನಿಲ್ಲದ ಬೇಸರ, ಅದೇ ಪಟ್ಟಿಯಲ್ಲಿದೆ. ಸತ್ಕಾರ ಪುರಸ್ಕಾರವೂ ಅದೇ ಪಟ್ಟಿಯಲ್ಲಿದೆ. ಪದಕದ ಆಸೆ ಹೊತ್ತವರು ಅದನ್ನೊಮ್ಮೆ ಓದಬೇಕು.

ಈ ಪ್ರಕರಣದಲ್ಲಿ ಒಂದು ಸೊಗಸಾದ ಲೆಕ್ಕವೂ ಇದೆ. ಒಬ್ಬ ಜೀವನಿಗೆ ಒಂದೇ ಕಾಲದಲ್ಲಿ 22 ಪರೀಷಹಗಳೂ ಬರಲಾರವು, ಹೆಚ್ಚೆಂದರೆ 19. ಚಳಿ, ಬಿಸಿಲು ಎರಡೂ ಕೂಡಿ ಬರುವುದಿಲ್ಲವಾದ್ದರಿಂದ ಅಲ್ಲಿ ಒಂದು ಕಳೆಯಬೇಕು. ನಡೆಯುವುದು, ಕುಳಿತಿರುವುದು, ಮಲಗುವುದು ಈ ಮೂರರಲ್ಲಿ ಒಂದು ಕಾಲಕ್ಕೆ ಒಂದೇ ಸಾಧ್ಯವಾದ್ದರಿಂದ ಅಲ್ಲಿ ಎರಡು ಕಳೆಯಬೇಕು. ಓಡುವವನು ಓಡಬೇಕು, ಮಲಗುವವನು ಮಲಗಬೇಕು. ವಿಶ್ರಾಂತಿಯ ವಾರದಲ್ಲಿಯೂ ‘ಸ್ವಲ್ಪವೇ’ ಎಂದು 20 ಕಿಲೋಮೀಟರ್ ಓಡಿಬರುವವನು ಕಳೆಯಬೇಕಾದ ಎರಡನ್ನು ಕಳೆಯದೆ ಮೊತ್ತ ಬರೆದವನು. ಶಾಸ್ತ್ರದ ಲೆಕ್ಕಪರಿಶೋಧನೆಯಲ್ಲಿ ಅದು ಸರಿಬೀಳುವುದಿಲ್ಲ.

ಋತುವಿನ ಮರ್ಯಾದೆಯನ್ನು ಅರಿತ ಓಟಗಾರರೂ ನಾಡಿನಲ್ಲಿದ್ದಾರೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಕಡೆಯ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲಾ ಅವರನ್ನು ಉಸೇನ್ ಬೋಲ್ಟರೊಡನೆ ಹೋಲಿಸಿತು. ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷಾ ಓಟಕ್ಕೆ ಕರೆ ಬಂದಿತು. ಕಂಬಳದ ಋತುವಿನ ನಡುವೆ ಅವರು ಹೋಗಲಿಲ್ಲ. ಅವಕಾಶ ಕಳೆದುಕೊಂಡರೆಂದು ಅನೇಕರು ಮರುಗಿದರು. ಒಂದು ದೇಹಕ್ಕೆ ಒಂದು ಋತುವಿನಲ್ಲಿ ಒಂದು ಓಟ ಸಾಕೆನ್ನುವುದೂ ಒಂದು ವಿವೇಕವೆಂದು ಮರುಗಿದವರಿಗೆ ತೋಚಲಿಲ್ಲ.

ನಿಲ್ಲುವುದನ್ನು ಸೋಲೆಂದು ಭಾವಿಸುವವರಿಗೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದನ್ನು ತೋರಿಸಬಹುದು. ರಾಷ್ಟ್ರಕೂಟರ ಕಾಲದಲ್ಲಿ, ಹತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ನಾಗರಖಂಡ ಎಪ್ಪತ್ತರ ಅಧಿಕಾರಿಯಾಗಿದ್ದ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರ ಅವನ ಮಡದಿ ಜಕ್ಕಿಯಬ್ಬೆಗೆ ಬಂದಿತು. ಅವಳು ಸಮರ್ಥವಾಗಿ ಆಳಿದಳು. ದೇಹಕ್ಕೆ ವ್ಯಾಧಿ ಬಂದು ಇನ್ನು ಆಗದೆಂದು ಕಂಡಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. ಒಂದು ಸಾವಿರ ವರ್ಷಕ್ಕೂ ಹಿಂದೆ ಹೆಣ್ಣೊಬ್ಬಳು ಅಧಿಕಾರ ಹಿಡಿದುದನ್ನು ಇತಿಹಾಸಕಾರರು ಮೆಚ್ಚುತ್ತಾರೆ. ಅವಳು ಅದನ್ನು ಇಳಿಸಿದ ರೀತಿಯೂ ಅಷ್ಟೇ ಮೆಚ್ಚತಕ್ಕದ್ದು. ಶಾಸನ ಬರೆಸಿದವರು ಎರಡನ್ನೂ ಒಂದೇ ಕಲ್ಲಿನಲ್ಲಿ ಬರೆಸಿದರು.

ಆದರೆ ಈ ನಿದರ್ಶನವನ್ನು ತಪ್ಪಾಗಿ ಬಳಸಬಾರದು. ಸಲ್ಲೇಖನ ಬೇರೆ, ವಿಶ್ರಾಂತಿ ಬೇರೆ. ಸಲ್ಲೇಖನಕ್ಕೆ ಸಮಂತಭದ್ರರು ಹಾಕಿದ ಷರತ್ತು ಕಟ್ಟುನಿಟ್ಟಾದದ್ದು: ಒದಗಿದ ಉಪಸರ್ಗ, ಬರ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದವು ಆಗಿರಬೇಕು. ಇದರಿಂದ ಹೊರಡುವ ಇನ್ನೊಂದು ಅರ್ಥವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪ್ರತೀಕಾರ ಸಾಧ್ಯವಿರುವವರೆಗೆ ಪ್ರತೀಕಾರ ಮಾಡುವುದೇ ಕರ್ತವ್ಯ. ದಣಿವಿಗೆ ಪ್ರತೀಕಾರವುಂಟು, ಅದು ವಿಶ್ರಾಂತಿ. ಅದನ್ನು ನಿರಾಕರಿಸಿ ದೇಹವನ್ನು ಕೆಡಿಸಿಕೊಳ್ಳುವುದಕ್ಕೆ ತಪಸ್ಸಿನ ಹೆಸರು ಸಲ್ಲದು. ಕಷಾಯವು ಏಳುವುದೇ ಹಿಂಸೆ, ಅದು ಮೊದಲು ಕೊಲ್ಲುವುದು ಏಳಿಸಿಕೊಂಡವನನ್ನೇ ಎಂದು ಅಮೃತಚಂದ್ರ ಸೂರಿಗಳ ಪುರುಷಾರ್ಥಸಿದ್ಧ್ಯುಪಾಯದ ತಾತ್ಪರ್ಯ. ಮಾನಕಷಾಯದಿಂದ ಓಡುವವನ ಮಂಡಿ ಸವೆಯುವುದು ಆಮೇಲಿನ ಮಾತು.

ಓಡುವ ಯುವಕರಲ್ಲಿ ಎಲ್ಲರೂ ಮಾನಕ್ಕಾಗಿಯೇ ಓಡುತ್ತಾರೆಂದು ಹೇಳಿದರೆ ಅನ್ಯಾಯವಾದೀತು. ದುಶ್ಚಟಗಳಿಂದ ದೂರವಿದ್ದು, ಹೊತ್ತಿಗೆ ಮಲಗಿ ಹೊತ್ತಿಗೆ ಎದ್ದು, ಮಿತವಾಗಿ ಉಂಡು ದೇಹವನ್ನು ಪಳಗಿಸುವುದರಲ್ಲಿ ಸಂಯಮದ ಒಂದು ಅಂಶವಿದೆ. ಪರೀಕ್ಷೆ ಇರುವುದು ಋತು ಮುಗಿದ ಮೇಲೆ. ನಿಲ್ಲೆಂದಾಗ ನಿಲ್ಲಬಲ್ಲವನ ಓಟ ಸಂಯಮದ್ದು. ನಿಲ್ಲಲಾರದವನನ್ನು ಓಡಿಸುತ್ತಿರುವುದು ಮತ್ತೇನೋ. ಮನೆಯ ಹಿರಿಯರ ಪಾಲೂ ಇದರಲ್ಲಿ ಸ್ವಲ್ಪವಿದೆ. ಗೋವೆಯ ಸ್ಪರ್ಧೆ ಮುಗಿಸಿ ದೀಪಾವಳಿಗೆ ಊರಿಗೆ ಬಂದ ಮಗನನ್ನು ನೆಂಟರೆಲ್ಲರೂ ಕೇಳುವ ಮೊದಲ ಪ್ರಶ್ನೆ ‘ಮುಂದಿನದು ಯಾವಾಗ?’ ಎಂಬುದು. ಅಖಾಡದಲ್ಲಿ ಹೋರಿಯನ್ನು ಬೆದರಿಸುವ ಕೇಕೆಗೂ ಈ ಪ್ರಶ್ನೆಗೂ ದೂರ ಬಹಳವಿಲ್ಲ.

ಬಸದಿಗಳ ಟ್ರಸ್ಟುಗಳ ಮುಂದೆ, ವರ್ತಕರ ಅಂಗಡಿಗಳ ಮುಂದೆ ಈ ಪ್ರಶ್ನೆ ಪ್ರತಿ ವರ್ಷ ವಂತಿಗೆಯ ರೂಪದಲ್ಲಿ ಬಂದು ನಿಲ್ಲುತ್ತದೆ. ಹೋರಿ ಹಬ್ಬದ ಸಂಘಟಕರು ಬಹುಮಾನಕ್ಕೆ ಹಣ ಕೇಳುತ್ತಾರೆ. ಗೆದ್ದವರಿಗೆ ಬೈಕು, ಬಂಗಾರ ಕೊಡುವಷ್ಟಕ್ಕೆ ಈ ಸ್ಪರ್ಧೆಗಳು ಬೆಳೆದಿವೆ. ಊರಿನಲ್ಲಿ ವ್ಯಾಪಾರ ಮಾಡುವವರು ಬರಿಗೈಯಲ್ಲಿ ಕಳಿಸಲಾಗದೆಂದು ಏನಾದರೂ ಕೊಟ್ಟುಬಿಡುತ್ತಾರೆ, ಆಮೇಲೆ ಮನಸ್ಸಿನಲ್ಲಿ ಕಸಿವಿಸಿಪಡುತ್ತಾರೆ. ಕೊಡುವುದನ್ನು ನಿಲ್ಲಿಸದೆ ಕೊಡುವ ಬಾಬ್ತನ್ನು ಬದಲಾಯಿಸಬಹುದು. ಬಹುಮಾನಕ್ಕೆ ಕೊಡುವುದಿಲ್ಲ, ಋತು ಮುಗಿದ ಹೋರಿಗಳ ಮೇವಿಗೆ, ಪಶುವೈದ್ಯರ ತಪಾಸಣೆಗೆ, ನೆರಳಿಗೆ, ನೀರಿನ ತೊಟ್ಟಿಗೆ ಕೊಡುತ್ತೇವೆ ಎಂದು ಸ್ಪಷ್ಟವಾಗಿ ಹೇಳಿ ರಸೀದಿಯಲ್ಲಿಯೂ ಹಾಗೆಯೇ ಬರೆಸಬಹುದು. ಒಂದು ಓಟಕ್ಕೂ ಮತ್ತೊಂದಕ್ಕೂ ನಡುವೆ ಇಂತಿಷ್ಟು ದಿನ ಬಿಡುವಿರಬೇಕೆಂದು ಕೇಳಬಹುದು. ಮಾಘ, ಫಾಲ್ಗುಣ ಕಳೆದು ಬಿಸಿಲೇರಿ ಹುಲ್ಲು ದುಬಾರಿಯಾಗುವ ಹೊತ್ತಿಗೆ ಅಖಾಡದ ಕೇಕೆ ಎಲ್ಲರಿಗೂ ಮರೆತಿರುತ್ತದೆ. ಹೋರಿಯ ಹಸಿವು ಆಗಲೂ ಇರುತ್ತದೆ. ಸೋತ ಹೋರಿಗೂ, ಇನ್ನು ಓಡಲಾರದ ಹೋರಿಗೂ ಆ ಮೇವು ಗೆದ್ದದ್ದರಷ್ಟೇ ಸಲ್ಲಬೇಕೆಂಬ ಷರತ್ತನ್ನು ರಸೀದಿಯ ಕೆಳಗೆ ಇನ್ನೊಂದು ಸಾಲಿನಲ್ಲಿ ಸೇರಿಸುವುದು ಕಷ್ಟವಲ್ಲ. ಸಂಘಟಕರಲ್ಲಿ ಕೆಲವರು ಒಪ್ಪುತ್ತಾರೆ, ಕೆಲವರು ಹಣ ಬೇಡವೆಂದು ಹೋಗುತ್ತಾರೆ. ಒಪ್ಪಿದವರ ಹಳ್ಳಿಗೆ ಯುಗಾದಿಯ ಆಸುಪಾಸಿನಲ್ಲಿ ಒಮ್ಮೆ ಹೋಗಿ ಕೊಟ್ಟಿಗೆಯನ್ನು ನೋಡಿ ಬರುವುದಕ್ಕೆ ಟ್ರಸ್ಟಿನ ಒಬ್ಬ ಸದಸ್ಯರು ಅರ್ಧ ದಿನವನ್ನು ಮೀಸಲಿಟ್ಟರೆ ಸಾಕಾದೀತು.